ನನ್ನ ಬಾಯಿ, ಬಸಣ್ಣನ ದನಿ

ಕಳೆದ ವಾರ ಹಾವೇರಿಯಲ್ಲಿ ನಾನು ಸಾಯಬೇಕಿತ್ತು. ನನಗಿಂತ ಮೊದಲೇ ನನ್ನ ದನಿ ಹೋಯಿತು.

(ಗಾಬರಿ ಬೇಡ. ಸಾಯಬೇಕಿದ್ದದ್ದು ನಾಟಕದಲ್ಲಿ.)

ಅಂದು ಬೆಳಿಗ್ಗೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೀರಿಯಲ್ ಶೂಟಿಂಗ್. ನನ್ನದು ದಲಾಲಿಯ ಪಾತ್ರ. (ಸೀರಿಯಲ್ಲಿನಲ್ಲಿ ನಾನು ಒಂದೋ ದಲಾಲಿ, ಇಲ್ಲವೇ ನಾಯಕಿಯ ಮಾವ. ಎರಡಕ್ಕೂ ಅದೇ ಕೋಟು.) ಮೂಗಿಗೆ ಟವೆಲ್ ಸುತ್ತಿಕೊಂಡಿದ್ದ ಹಮಾಲನೊಬ್ಬ ನನ್ನತ್ತಲೂ ಒಂದು ಟವೆಲ್ ಚಾಚಿದ.

"ಕಟ್ಕೋರಿ ಸಾಹೇಬ್ರ, ಘಾಟ ಐತಿ."

"ನಾ ಏನ ಬೆಂಗಳೂರಂವ ಅಲ್ಲೋ ಮಾರಾಯ, ರಾಣೆಬೆನ್ನೂರಂವ!"

"ಘಾಟಿಗೆ ಊರು ಗೊತ್ತಾಗಂಗಿಲ್ರಿ."

ಎದೆಯುಬ್ಬಿಸಿ ಉಸಿರೆಳೆದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಜಗತ್ತಿಗೇ ಗೊತ್ತು. ನನ್ನ ಗಂಟಲಿಗೆ ಮಾತ್ರ ಈ ಸುದ್ದಿ ಮುಟ್ಟಿರಲಿಲ್ಲ.

ಈ ಗಂಟಲೇ ನನ್ನ ಹೊಲ. ಮುಖಕ್ಕೆ ಅಂಥ ಬೇಡಿಕೆಯೇನಿಲ್ಲ. ವರ್ಷಾನುಗಟ್ಟಲೆ ಡಬ್ಬಿಂಗ್ ಸ್ಟುಡಿಯೋದ ಕತ್ತಲಲ್ಲಿ ನಿಂತು ಪರಭಾಷೆಯ ಚೆಲುವರ ತುಟಿಗೆ ಕನ್ನಡ ಹೊಂದಿಸಿದ್ದೇನೆ. ಅವರು ಪ್ರೇಮಿಸಿದರು, ನಾನು ಬೆವರಿದೆ. ಬಿತ್ತನೆ ಬೀಜದ ಜಾಹೀರಾತಿಗೂ ಇದೇ ದನಿ.

ಇದರ ಮೇಲೆ, ರಾಣೆಬೆನ್ನೂರಿನಲ್ಲಿ ನನ್ನದೊಂದು ಅಭಿನಯದ ಕ್ಲಾಸು. ಹಲಗೇರಿಯ ಬಸಣ್ಣ ಅಲ್ಲಿನ ವಿದ್ಯಾರ್ಥಿ. ಕಿರಾಣಿ ಅಂಗಡಿಯವನು, ಮೊಮ್ಮಗನನ್ನು ಕಂಡವನು. ಯಾವ ಮಾತು ಕೊಟ್ಟರೂ ನನ್ನ ಹಾಗೆಯೇ ಹೇಳುತ್ತಾನೆ. ನನ್ನದೇ ಏರಿಳಿತ, ನನ್ನದೇ ಕೆಮ್ಮು.

"ನನ್ನ ನಕಲು ಬ್ಯಾಡೋ, ನಿನ್ನ ದನಿ ಹುಡುಕು" ಎಂದು ಬೈಯುತ್ತೇನೆ.

"ಹುಡುಕಾಕತ್ತೇನ್ರಿ ಸರ" ಎನ್ನುತ್ತಾನೆ. ಅದನ್ನೂ ನನ್ನ ದನಿಯಲ್ಲೇ!

ಅಂದು ಸಂಜೆ ಹಾವೇರಿಯ ನಾಟಕಕ್ಕೆ ಅವನೇ ಪ್ರಾಂಪ್ಟರ್. ಪರದೆಯ ಮರೆಯಲ್ಲಿ ನಿಂತು ಮರೆತವರಿಗೆ ಮಾತು ಹೇಳಿಕೊಡುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಬೆಲ್ಲ ಚಪ್ಪರಿಸಿ, ಬಿಸಿನೀರು ಕುಡಿದು ಹೇಗೋ ಕೊನೆಯ ದೃಶ್ಯದವರೆಗೆ ಬಂದೆ. ಮುನಿಸಿಕೊಂಡು ದೂರವಾದ ಮಗಳ ಕ್ಷಮೆ ಕೇಳಿ ಮುದುಕ ಪ್ರಾಣ ಬಿಡಬೇಕು.

"ಮಗಳ..." ಎಂದೆ. ಮುಂದೆ ಬರೀ ಗಾಳಿ.

ಮಗಳ ಪಾತ್ರದವಳು ಕಣ್ಣರಳಿಸಿದಳು. ಮುಂದಿನ ಸಾಲಿನಲ್ಲಿ ಯಾರೋ, "ಮುದುಕ ಬಾಳ ಲಗೂನ ಹ್ವಾದನಲ್ಲೋ!" ಎಂದರು.

ಕ್ಷಮೆ ಕೇಳದೆ ಸತ್ತರೆ ಇಡೀ ನಾಟಕಕ್ಕೆ ಅರ್ಥವೇನು?

ಆಗ ನನ್ನ ದನಿ ಬಂತು. ನನ್ನ ಬಾಯಿಂದಲ್ಲ, ಪಕ್ಕದ ಪರದೆಯ ಹಿಂದಿನ ಅನೌನ್ಸ್‌ಮೆಂಟ್ ಮೈಕಿನಿಂದ. "ನಿನ್ನ ಮ್ಯಾಲೆ ಸಿಟ್ಟಿರಲಿಲ್ಲವ್ವಾ. ನನಗ ಸೋಲಾಕ ಬರಲಿಲ್ಲ..."

ಬಸಣ್ಣ! ಅದೇ ಏರಿಳಿತ, ಅದೇ ಕೆಮ್ಮು. ನಾನು ಸುಮ್ಮನೆ ತುಟಿಯಾಡಿಸಿದೆ. ಅವನು ಎಲ್ಲಿ ನಿಲ್ಲುತ್ತಾನೆಂದು ಊಹಿಸುವ ಕಷ್ಟವೇ ಇರಲಿಲ್ಲ. ಆ ನಿಲುಗಡೆಗಳೆಲ್ಲ ನನ್ನವೇ. ಸಭೆ ಮೂಗೊರೆಸಿಕೊಂಡಿತು. ನಾನು ನೆಮ್ಮದಿಯಿಂದ ಸತ್ತೆ.

ಪರದೆ ಬಿದ್ದಮೇಲೆ ಬಸಣ್ಣ ಓಡಿಬಂದು ಕೈಮುಗಿದ. "ತಪ್ಪಾತ್ರಿ ಸರ. ಮತ್ತ ನಕಲು ಮಾಡಿದೆ."

ಬೈಯಲು ದನಿ ಇರಲಿಲ್ಲ. ಇದ್ದರೂ ಬೈಯುತ್ತಿರಲಿಲ್ಲ. ಗಟ್ಟಿಯಾಗಿ ಅಪ್ಪಿಕೊಂಡೆ. ಎಷ್ಟೋ ಮುಖಗಳಿಗೆ ದನಿ ಕೊಟ್ಟಿದ್ದೇನೆ. ನನ್ನ ಮುಖಕ್ಕೂ ಒಬ್ಬ ದನಿ ಕೊಟ್ಟಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅಷ್ಟರಲ್ಲಿ ಕದರಮಂಡಲಗಿಯ ಅಜ್ಜಿಯೊಬ್ಬರು ವೇದಿಕೆ ಹತ್ತಿ ಬಂದು ನನ್ನ ಗಲ್ಲ ಸವರಿದರು. "ನಿನ್ನ ನಾಟಕ ಬಾಳ ನೋಡೇನಿ ತಮ್ಮಾ. ಖರೇ ಹೇಳ್ತೇನಿ, ಇವತ್ತಿನಷ್ಟು ಚಂದ ನೀ ಎಂದೂ ಮಾತಾಡಿರಲಿಲ್ಲ ನೋಡು."

ಅದು ಬಸಣ್ಣನ ದನಿ ಎಂದು ಅವರಿಗೆ ಹೇಳಲೇಬೇಕಿತ್ತು, ನಿಜ. ಆದರೆ ಯಾವ ದನಿಯಲ್ಲಿ ಹೇಳಲಿ?