ಸಂಸಾರ ಕಮ್ಮಿ

‘ನಿಂಗೆ ಸಂಸಾರ ಕಮ್ಮಿ, ಅಲ್ವಾ?’

ಹೊರಮಾವು ಬಡಾವಣೆಯ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಮೂರನೆಯ ದಿನ ಮನೆಯೊಡತಿ ಮೆಟ್ಟಿಲ ಬಳಿ ತಡೆದು ಹೀಗೆ ಕೇಳಿದರು. ಗಂಡನನ್ನು ಬಿಟ್ಟು ಗದಗಿನಿಂದ ಬಂದವಳು ನಾನು. ಅದು ಇವರಿಗೆ ಹೇಗೆ ಗೊತ್ತಾಯಿತು? ಸರಸರನೆ ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ.

ಅಂದಿನಿಂದ ಅವರು ಹಾಲು ತರಲು ಹೋದ ಮೇಲೆಯೇ ಕೆಳಗಿಳಿಯುತ್ತಿದ್ದೆ. ಶಿವಾಜಿನಗರದ ಅಂಗಡಿಯೊಂದರಲ್ಲಿ ರವಿಕೆ ಹೊಲಿಯುವ ಕೆಲಸ. ಬಟ್ಟೆ ಕತ್ತರಿಸುವ ಮಾಸ್ಟರರ ಮಾತು ದಖನಿ ಉರ್ದು, ಪಕ್ಕದ ಮಿಷನ್ನಿನವಳದು ತಮಿಳು. ಗದಗಿನಲ್ಲಾದರೆ ಬಸ್ಸಿಗೆ ಕಾಯುವಷ್ಟರಲ್ಲೇ ‘ಯಾವೂರ್ರೀ? ಯಾರ ಪೈಕಿ?’ ಎಂದು ಕೇಳಿಬಿಡುತ್ತಾರೆ. ಆ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲೆಂದೇ ಬಂದಿದ್ದೆ. ಇಲ್ಲಿ ಯಾರೂ ಕೇಳಲಿಲ್ಲ. ಒಂದು ಭಾನುವಾರ ಸಂಜೆ, ಬೆಳಗಿನಿಂದ ಒಂದು ಮಾತೂ ಆಡಿಲ್ಲವೆಂಬುದು ಹೊಳೆದು, ನನ್ನ ಹೆಸರನ್ನು ನಾನೇ ಒಮ್ಮೆ ಕರೆದುಕೊಂಡೆ.

ಕೊನೆಗೆ ಬೇರೆ ಕೋಣೆ ನೋಡಿ, ಖಾಲಿ ಮಾಡುತ್ತೇನೆಂದು ಹೇಳಲು ಮನೆಯೊಡತಿಯ ಬಳಿ ಹೋದೆ. ಅವರು ಕೇರಳದವರು, ಗಲ್ಫಿನಲ್ಲಿ ನರ್ಸಾಗಿ ದುಡಿದು ಇತ್ತೀಚೆಗೆ ಇಲ್ಲಿ ನೆಲೆಸಿದವರು, ಒಂಟಿ. ನಾನು ಬಾಯಿ ತೆರೆಯುವ ಮೊದಲೇ ಕುರ್ಚಿ ಎಳೆದರು.

‘ಮೇಲೆ ಒಬ್ಳೇ ಯಾಕೆ? ಬಾ, ಸ್ವಲ್ಪ ಸಂಸಾರ ಮಾಡೋಣ.’

‘ನಾವಿಬ್ರೂ ಏನ್ ಮಾಡೂದ್ರಿ?’

‘ಸಂಸಾರ! ಹಿಂಗೆ,’ ಎಂದು ಬಾಯಿಯ ಮುಂದೆ ಬೆರಳುಗಳನ್ನು ಪಟಪಟನೆ ಆಡಿಸಿದರು.

ಮಲಯಾಳದಲ್ಲಿ ಸಂಸಾರವೆಂದರೆ ಮಾತುಕತೆ. ನಾನು ಮಾತು ಕಡಿಮೆಯವಳೆಂದಷ್ಟೇ ಅವರು ಅಂದು ಹೇಳಿದ್ದು.

‘ನಮ್ಮಲ್ಲಿ ಸಂಸಾರ ಅಂದ್ರ ಗಂಡ, ಮನಿ, ಮಕ್ಕಳ್ರೀ,’ ಎಂದೆ. ನಗಲು ಹೋದವಳಿಗೆ ಅಳು ಬಂತು.

ಅವರು ಕೈ ಹಿಡಿದರು. ‘ಅಯ್ಯೋ ಮೋಳೇ, ಏನಾಯ್ತು?’ ಮೋಳೇ ಎಂದರೆ ಮಗಳೇ.

ಊರಲ್ಲಿ ಎಲ್ಲರೂ ಬುದ್ಧಿ ಹೇಳಿದ್ದರು, ಏನಾಯಿತೆಂದು ಕೇಳಿದವರಿಲ್ಲ. ಅಂದು ಹೇಳಿದೆ, ನನ್ನ ಗದಗಿನ ಕನ್ನಡದಲ್ಲೇ. ಮುಂದಿದ್ದ ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಚಹಾ, ಆರಿ ತಣ್ಣಗಾಯಿತು. ಅವರು ತಲೆಯಾಡಿಸುತ್ತಲೇ ಇದ್ದರು, ಒಮ್ಮೊಮ್ಮೆ ಆಡಿಸಬಾರದ ಜಾಗದಲ್ಲೂ. ಅರ್ಧ ತಿಳಿದಿರಬಹುದು.

ಕೋಣೆ ಖಾಲಿ ಮಾಡಲಿಲ್ಲ.

ಮರುದಿನ ಅಕ್ಕ ಫೋನ್ ಮಾಡಿದಳು. ‘ಹೆಂಗದೀ? ಅಲ್ಲಿ ಯಾರರ ಗುರ್ತಾದ್ರೇನು?’

‘ಆರಾಮ ಅದೀನಿ ಬಿಡಕ್ಕ,’ ಎಂದೆ.

ನನ್ನ ಒಂದೊಂದು ಮಾತೂ ತಿಳಿಯುವವಳು ಅವಳೊಬ್ಬಳೇ. ಅವಳಿಗೆ ಹೇಳಬೇಕಾದ್ದನ್ನು ಅರ್ಧ ಕನ್ನಡ ಬರುವವರ ಮುಂದೆ ಹೇಳಿ ಮುಗಿಸಿದ್ದೆ. ಎರಡನೆಯ ಸಲ ಹೇಳಲು ಬಾಯಿ ಬರಲಿಲ್ಲ.

‘ಊರಾಗ ಮಳಿ ಆತೇನು?’ ಎಂದು ಕೇಳಿದೆ.