ಓಡುವ ಪಂಖಾ, ಹೊರುವ ಪಂಖಾ

ನಮ್ಮ ಭಾವನವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ರೇಷನ್ ಅಂಗಡಿಯ ಯಂತ್ರದ ಮೇಲೆ ಎಷ್ಟು ಒತ್ತಿದರೂ ಅದು ಅವರನ್ನು ಗುರುತಿಸುತ್ತಿರಲಿಲ್ಲ. ಅಂಗಡಿಯವನು ಬೇಸತ್ತು ಎಡಗೈ ಕೇಳುತ್ತಿದ್ದ. ಮೋಟಾರು ಬೋಟನ್ನು ನೀರಿನಲ್ಲಿ ಮುಂದೆ ತಳ್ಳುವ ಪಂಖಾಗಳ ಅಂಚಿನ ಮೇಲೆ ವರ್ಷಗಟ್ಟಲೆ ಆಡಿ ಆಡಿ ಆ ಬೆರಳು ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು. ಕಣ್ಣು ಮುಚ್ಚಿ, ಎಸಳಿನ ತುದಿಯಿಂದ ಬುಡದವರೆಗೆ ಬೆರಳೆಳೆದು, ಎಲ್ಲಿ ಕೂದಲೆಳೆಯಷ್ಟು ಡೊಂಕಿದೆಯೋ ಅಲ್ಲಿ ನಿಲ್ಲಿಸುತ್ತಿದ್ದರು.

ಅವರು ನನ್ನ ಗಂಡನ ಅಣ್ಣ. ಹರೆಯದಲ್ಲೇ ಗೋವಾಕ್ಕೆ ಹೋಗಿ, ಪಂದ್ಯದ ಬೋಟುಗಳಿಗೆ ಎಂಜಿನ್ ಕೂರಿಸುವ ಕಾರ್ಖಾನೆಯಲ್ಲಿ ದುಡಿದವರು. ಮದುವೆಯಾಗಲಿಲ್ಲ. ಮಾವನವರು ತೀರಿಕೊಂಡ ಮೇಲೆ ಕಾಗವಾಡದ ಕಡೆ ಕೃಷ್ಣೆಯ ದಂಡೆಯಲ್ಲಿರುವ ನಮ್ಮೂರಿಗೆ ಮರಳಿದರು. ಬರುವಾಗ ಟ್ರಕ್ಕಿನ ಮೇಲೆ ಒಂದು ಹಳೆಯ ಸ್ಪೀಡ್ ಬೋಟನ್ನೂ ಹೇರಿಕೊಂಡು ಬಂದರು. ಕೊಕ್ಕರೆಯ ಕೊಕ್ಕಿನಂತೆ ಚೂಪಾದ ಮೂತಿ, ಇಬ್ಬರೇ ಎತ್ತಬಹುದಾದಷ್ಟು ಹಗುರ ಮೈ. ಊರವರು ನಕ್ಕರು. ಭಾವನವರು ದನದ ಕೊಟ್ಟಿಗೆಯ ಅರ್ಧ ಭಾಗ ತೊಳೆದು, ಗೋಡೆಗೆ ಮೊಳೆ ಹೊಡೆದು, ಪಂಖಾಗಳನ್ನು ಸಾಲಾಗಿ ತೂಗುಹಾಕಿ ತಮ್ಮ ಕೆಲಸ ಶುರುಮಾಡಿದರು.

ನಾನು ನಿಪ್ಪಾಣಿಯವಳು. ತಂಬಾಕಿನ ಗೋದಾಮಿನ ಹಿಂದಿನ ಓಣಿಯಲ್ಲಿ ಬೆಳೆದವಳು. ನೀರೆಂದರೆ ನನಗೆ ನಳದ ನೀರು, ಕೊಡದ ನೀರು. ಮದುವೆಯಾಗಿ ಬಂದರೆ ಹಿತ್ತಿಲ ಬಾಗಿಲು ತೆಗೆದಲ್ಲಿ ಹೊಳೆ. ಊರ ಹೆಂಗಸರೆಲ್ಲ ಅಲ್ಲಿ ಅರಿವೆ ಒಗೆಯುತ್ತಿದ್ದರೆ ನಾನು ಬಾವಿ ಸೇದಿ ಒಗೆಯುತ್ತಿದ್ದೆ. ಕಾಲಡಿ ನೆಲ ಕಾಣದ ನೀರನ್ನು ನೋಡಿದರೆ ಇವತ್ತಿಗೂ ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

ದೀಪಾವಳಿ ಮುಗಿದು ಹೊಳೆ ಬ್ಯಾರೇಜಿನ ಹಿಂದೆ ಕೆರೆಯಂತೆ ನಿಂತಾಗ ಪುಣೆ, ಗೋವಾ ಕಡೆಯಿಂದ ಶೋಕಿಯ ಜನ ಬೋಟು ಎಳೆದುಕೊಂಡು ಬರುತ್ತಿದ್ದರು. ಎಲ್ಲರದ್ದೂ ಒಂದೇ ಮಾತು, ಇನ್ನೂ ವೇಗ ಬೇಕು, ದೊಡ್ಡ ಎಂಜಿನ್ ಹಾಕಿಕೊಡಿ. ಭಾವನವರು ಬೋಟಿನ ಸುತ್ತ ಒಂದು ಸುತ್ತು ಬಂದು ತಲೆಯಾಡಿಸುತ್ತಿದ್ದರು.

"ದೊಡ್ಡ ಎಂಜಿನ್ ಹಾಕಿದ್ರ ಅದರ ಭಾರಕ್ಕ ಬೋಟಿನ ಕುಂಡಿ ನೀರಾಗ ಕುಂದರ್ತೈತ್ರಿ. ಮೂತಿ ಮ್ಯಾಲೆ ಏಳ್ತೈತಿ. ಗಾಳಿ ಒಳಗ ಹೊಕ್ಕು ಮಗುಚಿ ಹಾಕ್ತೈತಿ. ಮೊದಲ ಪಂಖಾ ನೋಡೂನು ತಡೀರಿ."

ಒಮ್ಮೆ ಚಹಾ ಕೊಡಲು ಹೋದಾಗ ನಾನೇ ಕೇಳಿದೆ, "ಎಲ್ಲಾ ಪಂಖಾನೂ ಒಂದ ಥರಾ ಕಾಣ್ತಾವಲ್ರೀ ಬಾವಾರ, ಏನ್ ಫರಕ?" ಅವರು ಒಂದು ಬೋಲ್ಟಿಗೆ ನಟ್ಟು ಹಾಕಿ ಒಂದು ಸುತ್ತು ತಿರುಗಿಸಿದರು. ಒಂದು ಸುತ್ತಿಗೆ ನಟ್ಟು ಎಷ್ಟು ಮುಂದೆ ಸರಿಯಿತೋ ಅದು ಪಿಚ್ ಎಂದರು. ಪಿಚ್ ಹೆಚ್ಚಿದ್ದರೆ ಪಂಖಾ ಒಂದೊಂದು ಸುತ್ತಿಗೂ ಉದ್ದ ಹೆಜ್ಜೆ ಹಾಕುತ್ತದೆ, ಆದರೆ ಅದನ್ನು ತಿರುಗಿಸಲು ಎಂಜಿನ್ ಏದುಸಿರು ಬಿಡುತ್ತದೆ. ಕಡಿಮೆಯಿದ್ದರೆ ಭಾರ ಹೊರುತ್ತದೆ, ಓಡುವುದಿಲ್ಲ.

"ಓಡೋ ಪಂಖಾ ಬ್ಯಾರೆ, ಹೊರೋ ಪಂಖಾ ಬ್ಯಾರೆ ತಂಗಿ. ಎರಡೂ ಕೆಲಸ ಒಂದರಿಂದ ಕೇಳಬಾರದು. ಎಂಜಿನ್ ನರಳಬಾರದು, ಚೀರಬಾರದು. ಹಾಡಬೇಕು."

ಆಮೇಲೆ ರೊಟ್ಟಿ ತಟ್ಟುತ್ತ ಕೂತಾಗಲೂ ಹೊಳೆಯ ಕಡೆಯಿಂದ ಬರುವ ಸದ್ದು ನರಳಿಕೆಯೋ, ಚೀರಾಟವೋ, ಹಾಡೋ ಎಂದು ನನಗೆ ಗೊತ್ತಾಗುತ್ತಿತ್ತು. ಅದು ಕಲಿತದ್ದಲ್ಲ, ಅಂಜಿಕೆಯಿಂದ ಕಿವಿಗೆ ಹತ್ತಿದ ಚಟ. ಸದ್ದು ನಿಂತರೆ ಕೈಯಲ್ಲಿನ ಹಿಟ್ಟು ಹಾಗೆಯೇ ಉಳಿಯುತ್ತಿತ್ತು.

ಒಂದು ಸಲ ಅವರ ಸ್ವಂತ ಬೋಟಿಗೆ ಹೊಸ ಪಂಖಾ ಹಾಕಿದ್ದರು. ಮೂರೆಸಳಿನದು, ಉಕ್ಕಿನದು, ಚಾಕುವಿನಂತೆ ತೆಳು. ಪಂದ್ಯದಲ್ಲಿ ಇಬ್ಬರು ಕೂರುವ ಬೋಟು, ಒಬ್ಬರೇ ಕೂತರೆ ಲೆಕ್ಕ ತಪ್ಪುತ್ತದೆ ಎಂದರು. ನನ್ನ ಗಂಡ ಕಬ್ಬಿನ ಟ್ರ್ಯಾಕ್ಟರಿನ ಜೊತೆ ಹೋಗಿದ್ದರು.

"ತಂಗಿ, ಬಂದು ಸುಮ್ನ ಕುಂದ್ರತಿಯೇನು?"

"ಹುಚ್ಚ ಹಿಡದೈತೇನೋ ನಿನಗ? ಮನಿ ಸೊಸಿನ್ನ ಭಾರಕ್ಕ ಇಡೋ ಕಲ್ಲಿನ ಚೀಲ ಮಾಡ್ತಿಯೇನು?" ಎಂದು ಅತ್ತೆ ಒಳಗಿನಿಂದ ಕೂಗಿದರು. ಆ ಮಾತು ಕೇಳಿಯೋ ಏನೋ, ನಾನು ಹೂಂ ಅಂದುಬಿಟ್ಟೆ. ನೀರಿನಲ್ಲಿ ತೇಲಿಸುವ ಜಾಕೀಟು ತೊಟ್ಟು, ಸೆರಗು ಬಿಗಿದು ಕೂತೆ. ಅವರು ಎಂಜಿನ್ ನಿಲ್ಲಿಸುವ ಕೆಂಪು ಹಗ್ಗವನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡರು. ತಾವು ಆಯತಪ್ಪಿ ಬಿದ್ದರೆ ಹಗ್ಗ ಕಿತ್ತು ಎಂಜಿನ್ ತಾನೇ ನಿಲ್ಲುತ್ತದೆ ಎಂದು ವಿವರಿಸಿದರು. ಬೀಳುವ ಮಾತು ಕೇಳಿ ನಾನು ಬೋಟಿನ ಅಂಚನ್ನು ಎರಡೂ ಕೈಯಿಂದ ಹಿಡಿದೆ.

ಬೋಟು ಮೊದಲು ಮೂತಿ ಎತ್ತಿ ಆಕಾಶ ನೋಡಿತು. "ಮುಂದ ಬಾಗು!" ಎಂದರು. ಬಾಗಿದೆ. ಬೋಟು ನೀರಿನ ಮೇಲೆ ಚಪ್ಪಟೆಯಾಗಿ ಕೂತು ಹಾರಿತು. ನೀರು ನೀರಾಗಿರಲಿಲ್ಲ, ಗಾರೆಯ ನೆಲದಂತೆ ಬಡಿಯುತ್ತಿತ್ತು. ದಂಡೆಯ ಗಿಡಗಳೆಲ್ಲ ಒಂದೇ ಹಸಿರು ಗೆರೆ. ಕಿರುಚಲು ಬಾಯಿ ತೆರೆದರೆ ಗಾಳಿ ಗಂಟಲಿಗೆ ಹೊಕ್ಕಿತು. ಹಿಂದೆ ಎಂಜಿನ್ ಹಾಡುತ್ತಿತ್ತು. ತಿರುಗಿ ನೋಡಿದೆ. ಭಾವನವರು ಮಣಿಕಟ್ಟಿನ ಕೆಂಪು ಹಗ್ಗವನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ದಂಡೆಗೆ ಬಂದ ಮೇಲೆ ಕೇಳಿದೆ, "ನೀವೂ ಅಂಜತೀರೇನ್ರೀ?"

"ದಿನಾ ಅಂಜತೀನಿ. ಅಂಜಿಕಿ ಐತಿ ಅಂತನ ನಟ್ಟು ಬೋಲ್ಟು ಎರಡೆರಡು ಸಲ ನೋಡತೀನಿ."

"ಮತ್ಯಾಕ ಮಾಡತೀರಿ?"

ಪಂಖಾಕ್ಕೆ ಸಿಕ್ಕಿದ ಜೊಂಡು ಬಿಡಿಸುತ್ತ, "ಅದು ಖರೇನ ಗೊತ್ತಿಲ್ಲ ತಂಗಿ," ಎಂದರು.

ಮುಂದಿನ ಶ್ರಾವಣದಲ್ಲಿ ಹೊಳೆ ಏರಿತು. ಮಹಾರಾಷ್ಟ್ರದ ಕಡೆ ಮಳೆ, ಮೇಲಿನ ಅಣೆಕಟ್ಟುಗಳಿಂದ ಬಿಟ್ಟ ನೀರು. ಗಂಡ ಹಿಂದಿನ ದಿನವೇ ದನಗಳನ್ನು ಹೊಡೆದುಕೊಂಡು ದಿಬ್ಬದ ಮೇಲಿನ ಗಂಜಿ ಕೇಂದ್ರಕ್ಕೆ ಹೋಗಿದ್ದರು. ಅತ್ತೆ ಮನೆ ಬಿಡಲು ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಅಡುಗೆಮನೆಗೆ ನೀರು ಬಂತು. ನಾನು, ಅತ್ತೆ, ನನ್ನ ಪುಟ್ಟ ಮಗಳು, ಪಕ್ಕದ ಮನೆಯ ಮುದುಕ ಮತ್ತು ಆತನ ಹೆಂಡತಿ, ಎದೆಮಟ್ಟದ ನೀರಿನಲ್ಲಿ ಒಬ್ಬರನ್ನೊಬ್ಬರು ಹಿಡಿದು ಶಾಲೆಯ ಮಾಳಿಗೆ ಏರಿದೆವು. ಸುತ್ತ ಕಬ್ಬಿನ ಗದ್ದೆಗಳಿದ್ದ ಜಾಗದಲ್ಲಿ ಕೆಂಪು ನೀರು ಸುಳಿ ಸುಳಿಯಾಗಿ ಓಡುತ್ತಿತ್ತು.

ಸರಕಾರದ ಬೋಟು ಬರುತ್ತದೆ ಎನ್ನುತ್ತಿದ್ದರು, ಬಂದಿರಲಿಲ್ಲ. ಭಾವನವರು ತಮ್ಮ ಬೋಟಿಗೆ ನಾಲ್ಕೆಸಳಿನ ಪಂಖಾ, ಹೊರುವ ಪಂಖಾ ಹಾಕಿಕೊಂಡು, ಆ ತೆಳು ಉಕ್ಕಿನದನ್ನು ಹೆಚ್ಚುವರಿಯಾಗಿ ಬೋಟಿನಲ್ಲಿಟ್ಟುಕೊಂಡು, ನಸುಕಿನಿಂದ ಊರ ಕೆಳಗಿನ ಓಣಿಯ ಜನರನ್ನು ದಿಬ್ಬಕ್ಕೆ ಸಾಗಿಸುತ್ತಿದ್ದರು. ಮಾಳಿಗೆಗೆ ಬಂದಾಗ ಅವರ ಮುಖ ಬಿಳಿಚಿತ್ತು.

"ಮೂರು ಮಂದಿ ಅಷ್ಟ. ಅವ್ವ, ಕೂಸು, ಆ ಮುದುಕಿ. ತಂಗಿ, ನೀ ಮುಂದಿನ ಖೇಪಿಗೆ."

ಮಗಳು ನನ್ನ ಕುತ್ತಿಗೆ ಬಿಡಲಿಲ್ಲ. ಅವಳ ಬೆರಳುಗಳನ್ನು ನಾನೇ ಬಿಡಿಸಿದೆ. ಬೋಟು ಮರಗಳ ಮರೆಗೆ ಹೋಯಿತು. ನಾನು ಸದ್ದಿನ ಬೆನ್ನು ಹತ್ತಿ ಕೂತೆ. ಎಂಜಿನ್ ಹಾಡುತ್ತಲೇ ಇತ್ತು. ಆಮೇಲೆ ಒಮ್ಮೆಗೇ ಚೀರಿತು. ನಿಂತಿತು.

"ಪೆಟ್ರೋಲ್ ಮುಗದಿರಬೇಕವ್ವಾ," ಎಂದ ಮುದುಕ.

ಪೆಟ್ರೋಲ್ ಮುಗಿದ ಎಂಜಿನ್ ಹಾಗೆ ಚೀರುವುದಿಲ್ಲ ಎಂದು ನನಗೆ ಗೊತ್ತಿತ್ತು. ಪಂಖಾ ನೀರಿನ ಹಿಡಿತ ಬಿಟ್ಟಾಗ, ಮುರಿದಾಗ ಬರುವ ಸದ್ದು ಅದು. ನಾನು ಮಾಳಿಗೆಯ ಅಂಚಿನವರೆಗೆ ಹೋದೆ. ಒಂದು ಸತ್ತ ಕರು ಮೆಲ್ಲಗೆ ತಿರುಗುತ್ತ ತೇಲಿಹೋಯಿತು. ಮಗಳ ಹೆಸರು ಕೂಗಿದೆ. ಮುದುಕ ನನ್ನ ಸೆರಗು ಹಿಡಿದು ಹಿಂದಕ್ಕೆ ಎಳೆದ. ಮಳೆ ಬಂದು ಹೋಯಿತು. ಮತ್ತೆ ಬಂತು. ಆ ಹೊತ್ತಿನಲ್ಲಿ ನಾನು ದೇವರನ್ನು ನೆನೆಯಲಿಲ್ಲ, ಬರೀ ಕೇಳುತ್ತಿದ್ದೆ.

ಕೊನೆಗೆ ಸದ್ದು ಬಂತು. ನರಳಿಕೆ. ಭಾರ ಹೊತ್ತು ಏದುಸಿರು ಬಿಡುವ ಎಂಜಿನ್ನಿನ ನರಳಿಕೆ. ನಾನು ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಬೋಟಿನಲ್ಲಿ ಉಳಿದ ಒಂದೇ ಪಂಖಾ ಆ ತೆಳು ಉಕ್ಕಿನದು, ಅದನ್ನು ಹಾಕಿಕೊಂಡಿದ್ದಾರೆ, ಬೋಟಿನಲ್ಲಿ ಭಾರ ಇದೆ, ಎಂದರೆ ಮಗಳಿದ್ದಾಳೆ. ಅದು ದೂರವಾಗುತ್ತ ಹೋಗಿ ಕೇಳಿಸದಾಯಿತು. ಆಮೇಲೆ ದಿಬ್ಬದ ದಿಕ್ಕಿನಿಂದ ಹಾಡು ಕೇಳಿಸಿತು. ಖಾಲಿ ಬೋಟು ಕೆಂಪು ನೀರಿನ ಮೇಲೆ ಹಾರಿ ಬರುತ್ತಿತ್ತು.

ನಾನೂ ಮುದುಕನೂ ಹತ್ತಿದ್ದೇ ತಡ, ಹಾಡು ನಿಂತು ನರಳಿಕೆ ಶುರುವಾಯಿತು. ಬೋಟಿನ ಹಿಂಭಾಗ ಮುಳುಗಿತು, ಮೂತಿ ಎದ್ದಿತು, ವೇಗ ಹತ್ತಲೊಲ್ಲದು. ಸೆಳವು ನಮ್ಮನ್ನು ಓರೆಯಾಗಿ ಎಳೆಯತೊಡಗಿತು. ಮುಂದೆ ವಾಲಿದ ಕರೆಂಟು ಕಂಬದ ತಂತಿಗಳು ನೀರಿಗೆ ಗೇಣೆತ್ತರದಲ್ಲಿ ಜೋತುಬಿದ್ದಿದ್ದವು.

"ತಂಗಿ! ಮುಂದ ಹೋಗ! ಮೂತಿ ಮ್ಯಾಲೆ ಮಕ್ಕೋ!"

ಹೋಗಲಾರೆ ಎಂದೆ. ಅಂದದ್ದು ನೆನಪಿದೆ. ಆದರೂ ಮೈ ಹೋಯಿತು. ಹೊಟ್ಟೆಯ ಮೇಲೆ ತೆವಳಿ, ಒದ್ದೆ ಫೈಬರನ್ನು ಉಗುರಿನಿಂದ ಹಿಡಿದು, ತಲೆ ನೀರಿನ ಮೇಲೆ ಚಾಚಿ ಮಲಗಿದೆ. ಕೆಂಪು ನೀರು ಮುಖದ ಕೆಳಗೇ ಓಡುತ್ತಿತ್ತು. ಬೋಟು ಮೂತಿ ಇಳಿಸಿತು. ನರಳಿಕೆ ಒಂದಿಷ್ಟು ಹಗುರಾಯಿತು. ಕೆಳಗಿನಿಂದ ಯಾರೋ ಎತ್ತಿದಂತಾಗಿ ಬೋಟು ನೀರಿನ ಮೇಲಕ್ಕೆ ಬಂತು. ತಂತಿಗಳು ನಮ್ಮ ಎಡಕ್ಕೆ ಉಳಿದವು.

ದಿಬ್ಬದಲ್ಲಿ ಮಗಳು ಓಡಿಬಂದು, "ಅವ್ವಾ, ದೊಡ್ಡಪ್ಪ ನೀರಾಗ ಮುಳುಗಿದ್ದ! ನಾವು ಅಳಾಕತ್ತಿದ್ವಿ," ಎಂದಳು. ನೀರಡಿಯ ಕಂಬಕ್ಕೆ ಬಡಿದು ಪಂಖಾದ ಎಸಳು ಮುರಿದಾಗ ಅವರು ಬೋಟನ್ನು ಬೇವಿನ ಮರಕ್ಕೆ ಕಟ್ಟಿ, ತಾವು ಸೊಂಟಕ್ಕೆ ಹಗ್ಗ ಬಿಗಿದು ಇಳಿದು, ಕಾಣದ ನೀರಿನಲ್ಲಿ ಬರಿಗೈಯಿಂದ ಪಂಖಾ ಬದಲಿಸಿದ್ದರು. ತೆಳು ಎಸಳು ಎರಡೂ ಅಂಗೈ ಸೀಳಿತ್ತು. ಯಾರೋ ಅರಿಶಿನ ಒತ್ತಿದರು. ಸರಕಾರದ ಬೋಟು ಬರುವವರೆಗೂ ಅವರು ಅದೇ ಕೈಯಲ್ಲಿ ಓಡಾಡಿದರು.

ನೀರು ಇಳಿದು, ನಾವು ಮನೆಯ ರಾಡಿ ಬಳಿಯುತ್ತಿದ್ದಾಗ ಅವರಿಗೆ ಜ್ವರ ಬಂತು. ಮೀನಖಂಡದ ಸೆಳೆತ, ಆಮೇಲೆ ಕಣ್ಣು ಹಳದಿ. ಮಿರಜದ ಆಸ್ಪತ್ರೆಗೆ ಒಯ್ದೆವು. ಗಾಯವಿದ್ದ ಕೈ ಪ್ರವಾಹದ ನೀರಿನಲ್ಲಿತ್ತೇ ಎಂದು ಡಾಕ್ಟರು ಕೇಳಿದರು. ಇಲಿಜ್ವರ ಎಂದರು, ಮೂತ್ರಪಿಂಡಕ್ಕೆ ಇಳಿದಿದೆ ಎಂದರು.

ಒಂದು ಮಧ್ಯಾಹ್ನ ಗಂಡ ಔಷಧಿ ತರಲು ಕೆಳಗೆ ಹೋಗಿದ್ದರು. ಅತ್ತೆ ಗೋಡೆಗೊರಗಿ ಕೂತಿದ್ದರು. ಭಾವನವರು ಕಣ್ಣು ತೆರೆದು ನನ್ನನ್ನು ಹುಡುಕಿದರು.

"ತಂಗಿ, ಅಂಜಿಕಿ ಆಗಾಕತ್ತೈತಿ."

ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನನ್ನು ಮುಟ್ಟುವುದಿಲ್ಲ. ಇಷ್ಟು ವರ್ಷ ಚಹಾದ ಬಟ್ಟಲನ್ನೂ ನಾನು ಅವರ ಮುಂದೆ ನೆಲಕ್ಕಿಟ್ಟೇ ಸರಿದವಳು. ನಾನು ಅತ್ತೆಯ ಕಡೆ ನೋಡಿದೆ. ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ನಾನು ಸ್ಟೂಲು ಎಳೆದುಕೊಂಡು, ಬ್ಯಾಂಡೇಜು ಸುತ್ತಿದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ನನಗೂ ಆಗಾಕತ್ತೈತ್ರೀ ಬಾವಾರ," ಎಂದೆ.

ಅವರು ಕಣ್ಣು ಮುಚ್ಚಿದರು, ಮತ್ತೆ ತೆರೆಯಲಿಲ್ಲ. ಸಂಜೆ ನರ್ಸು ಬಂದು ಬಿಡಿಸುವವರೆಗೂ ನಾನು ಆ ಕೈ ಬಿಡಲಿಲ್ಲ.