ಜಪದ ಇನ್ನರ್ಧ

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಟ್ಟರೆ ಲೈಸಾ ಚೇಚಿಯ ಬಗ್ಗೆ ಬರೆಯುವುದು ನನಗೆ ಸ್ವಲ್ಪ ಸುಲಭವಾಗುತ್ತದೆ.

ನಾನು ಸೋಣಿಯಾ, ಆಲಂಕಾರಿನ ಹತ್ತಿರದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಕಡಬಕ್ಕೂ ನೆಲ್ಯಾಡಿಗೂ ನಡುವೆ. ಅಲ್ಲಿ ಕೇರಳದಿಂದ ಬಂದು ನೆಲೆನಿಂತ ಎಂಟು ಕ್ರೈಸ್ತ ಮನೆಗಳನ್ನು ಸೇರಿಸಿ ಚರ್ಚಿನವರು ಒಂದು ವಾರ್ಡು ಮಾಡಿದ್ದಾರೆ. ಬೇರೆ ಯಾರೂ ಒಪ್ಪದ ಕಾರಣ ನಾಲ್ಕು ವರ್ಷಗಳಿಂದ ಅದರ ಮುಖ್ಯಸ್ಥೆ ನಾನೇ. ಪ್ರಾರ್ಥನೆ ಯಾರ ಮನೆಯಲ್ಲಿ, ಚಹಾ ಯಾರದ್ದು ಎಂದು ವಾಟ್ಸಾಪಿನಲ್ಲಿ ಬರೆದು ಹಾಕುವುದಷ್ಟೇ ಕೆಲಸ. ಅದನ್ನೂ ನೆಟ್ಟಗೆ ಮಾಡಲಿಲ್ಲ ಎನ್ನುವುದೇ ಈ ಕತೆ.

ಎಂಟನೆಯ ಮನೆ ಲೈಸಾ ಚೇಚಿಯದು. ಚೇಚಿ ಎಂದರೆ ನಮ್ಮಲ್ಲಿ ಅಕ್ಕ, ಚೇಟ್ಟ ಎಂದರೆ ಅಣ್ಣ. ಅವರಿಗೆ ಈಗ ಅರವತ್ತೊಂದು. ನಾಲ್ಕು ವರ್ಷದ ಮಗುವಾಗಿದ್ದಾಗ ಅಪ್ಪನ ಜೊತೆ ಲಾರಿಯಲ್ಲಿ ಕೂತು ಬಂದವರು. ಹದಿನೈದಕ್ಕೆ ರಬ್ಬರ್ ಮರ ಕೆತ್ತುವ ಕತ್ತಿ ಹಿಡಿದವರು ಇವತ್ತಿಗೂ ಕೆಳಗಿಟ್ಟಿಲ್ಲ. ಇನ್ನೂರೈವತ್ತು ಮರ, ಒಂದೊಂದಕ್ಕೂ ಬಗ್ಗಬೇಕು, ಆಮೇಲೆ ಮರಕ್ಕೆ ಕಟ್ಟಿದ ಅಷ್ಟೂ ಗೆರಟೆಗಳ ರಬ್ಬರ್ ಹಾಲನ್ನು ಬಕೇಟಿಗೆ ಬಗ್ಗಿಸಿ ಹೊರಬೇಕು. ಬೆನ್ನು ಈಗ ಬಗ್ಗಿದಲ್ಲೇ ನಿಲ್ಲುತ್ತದೆ. ಮದುವೆ ಯಾಕೆ ಆಗಲಿಲ್ಲ ಎಂದು ಒಮ್ಮೆ ಕೇಳಿದ್ದೆ. "ಮಳೆಗಾಲ ಮುಗೀಲಿ ಅಂತ ಕಾದದ್ದು ಮಾರಾಯ್ತಿ, ಮುಗಿಯಲೇ ಇಲ್ಲ" ಎಂದಿದ್ದರು. ಮನೆಮಾತು ಮಲಯಾಳಂ ಆದರೂ ನನ್ನ ಹತ್ತಿರ ಮಾತ್ರ ಅವರು ಕನ್ನಡದಲ್ಲೇ ಮಾತಾಡುವುದು. ಇಲ್ಲದಿದ್ದರೆ ನಾನು ಮಾರ್ಕು ಕಡಿಮೆ ಮಾಡುತ್ತೇನಂತೆ.

ಆ ಮನೆಯಲ್ಲಿ ಇದ್ದದ್ದು ಅವರು ಮತ್ತು ಅಣ್ಣ ಅಗಸ್ಟಿನ್. ಅಣ್ಣನಿಗೂ ಮದುವೆಯಿಲ್ಲ. ಒಂಬತ್ತು ವರ್ಷದ ಹಿಂದೆ ತೋಟದಲ್ಲೇ ಪಾರ್ಶ್ವವಾಯು ಬಡಿದು ಬಿದ್ದ ಅಗಸ್ಟಿನ್ ಚೇಟ್ಟ ಮತ್ತೆ ಏಳಲಿಲ್ಲ. ಬೆಳಿಗ್ಗೆ ಮರ, ಮಧ್ಯಾಹ್ನ ರಬ್ಬರ್ ಶೀಟು, ಉಳಿದ ಹೊತ್ತೆಲ್ಲ ಅಣ್ಣನ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಗಂಜಿ ಕುಡಿಸುವುದು. ಚೇಚಿ ಗೊಣಗುತ್ತಲೇ ಎಲ್ಲವನ್ನೂ ಮಾಡಿದರು. ಗೊಣಗದೆ ಮಾಡಿದರು ಎಂದು ಬರೆದರೆ ಅವರೇ ನಗುತ್ತಾರೆ.

ಸಂಜೆಯ ಜಪಸರ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಈ ಜಪ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಪ್ರತಿ ಮಣಿಗೆ ಒಂದು ಪ್ರಾರ್ಥನೆ, ಅದರ ಮೊದಲರ್ಧವನ್ನು ಒಬ್ಬರು ಹೇಳಿದರೆ ಇನ್ನರ್ಧವನ್ನು ಉಳಿದವರು ಹೇಳಬೇಕು. ಮೊದಲರ್ಧ ಚೇಚಿಯದು, ಇನ್ನರ್ಧ ಅಣ್ಣನದು. ಕಡೆಯ ಎರಡು ವರ್ಷ ಅಣ್ಣನ ಮಾತು ಪೂರ್ತಿ ನಿಂತುಹೋಗಿತ್ತು. ಆಗಲೂ ಚೇಚಿ ತನ್ನ ಅರ್ಧ ಮುಗಿಸಿ ಸುಮ್ಮನೆ ಕಾಯುತ್ತಿದ್ದರು. ಅಣ್ಣ ಮನಸ್ಸಿನಲ್ಲೇ ತನ್ನ ಪಾಲು ಹೇಳಿ ಮುಗಿಸಿ ಮಂಚದ ಅಂಚನ್ನು ಬೆರಳಿನಿಂದ ತಟ್ಟಿದ ಮೇಲೆಯೇ ಮುಂದಿನ ಮಣಿ. ಒಂದು ಸಂಜೆ ನಾನು ಅಲ್ಲಿದ್ದೆ. ಬೇಗ ಮುಗಿಯಲಿ ಎಂದು ಅಣ್ಣನ ಪಾಲನ್ನು ನಾನು ಹೇಳಹೊರಟರೆ ಚೇಚಿ ಕಣ್ಣಲ್ಲೇ ಗದರಿಸಿದ್ದರು.

ಹೋದ ಆಗಸ್ಟಿನಲ್ಲಿ ಅಗಸ್ಟಿನ್ ಚೇಟ್ಟ ತೀರಿಕೊಂಡರು. ನಲವತ್ತೊಂದನೆಯ ದಿನದ ಪ್ರಾರ್ಥನೆಯವರೆಗೆ ಮನೆ ತುಂಬ ಜನ. ಆಮೇಲೆ ನಾವೆಲ್ಲ ನಮ್ಮ ನಮ್ಮ ಕೆಲಸಕ್ಕೆ ಹೋದೆವು. ನವೆಂಬರಿನಲ್ಲಿ ಒಮ್ಮೆ ಹೋದಾಗ ಜಪಸರ ಮೊಳೆಯಲ್ಲಿ ನೇತಾಡುತ್ತಿತ್ತು, ಮಣಿಗಳ ಮೇಲೆ ಧೂಳು.

"ಹೇಳುದಿಲ್ವಾ ಚೇಚಿ?" ಎಂದು ಕೇಳಿದೆ.

"ನನ್ನ ಅರ್ಧ ಹೇಳಿ ಕಾಯ್ತೇನೆ. ಆ ಕಡೆ ಯಾರೂ ಇಲ್ಲ" ಎಂದರು. "ದೇವರು ಉಂಟು ಅಂತ ಗೊತ್ತುಂಟು ನನಗೆ. ಈ ಮನೆಯಲ್ಲಿ ಇಲ್ಲ. ಇಲ್ಲಿಗೆ ಬರ್ತಾ ಇದ್ದದ್ದು ಅಣ್ಣನಿಗಾಗಿ ಅಂತ ಕಾಣ್ತದೆ."

ಹಾಗೆಲ್ಲ ಹೇಳಬಾರದು ಎಂದೆ. ಪಾಠ ಹೇಳುವವರಿಗೆ ಇದೊಂದು ಸುಲಭ. ಚೇಚಿ ಜಗಳಕ್ಕೂ ಬರಲಿಲ್ಲ. ಅಷ್ಟು ದಣಿದಿದ್ದರು.

ಇನ್ನು ಪೆಸಹಾ ಗುರುವಾರದ ವಿಷಯ. ಶುಭ ಶುಕ್ರವಾರದ ಹಿಂದಿನ ಸಂಜೆ ನಮ್ಮ ಪ್ರತಿ ಮನೆಯಲ್ಲೂ ಅಕ್ಕಿ ಉದ್ದಿನ ಹುಳಿ ಬರಿಸದ ಅಪ್ಪ ಬೇಯಿಸುತ್ತಾರೆ. ಮೇಲೆ ಗರಿಗಳ ಭಾನುವಾರ ಚರ್ಚಿನಿಂದ ತಂದ ತೆಂಗಿನ ಗರಿಯ ಶಿಲುಬೆ, ಜೊತೆಗೆ ಬೆಲ್ಲ ಹಾಕಿದ ತೆಂಗಿನ ಹಾಲು. ಮನೆಯ ಹಿರಿಯರು ಅದನ್ನು ಮುರಿದು ಎಲ್ಲರಿಗೂ ಕೊಡುತ್ತಾರೆ. ಆದರೆ ವರ್ಷದೊಳಗೆ ಸಾವಾದ ಮನೆಯಲ್ಲಿ ಅಪ್ಪ ಮಾಡುವಂತಿಲ್ಲ. ಅಕ್ಕಪಕ್ಕದವರು ತಂದುಕೊಡಬೇಕು, ಆ ಮನೆಯವರು ಕಾಯಬೇಕು. ಕೇಳಿ ಪಡೆಯುವ ವಸ್ತುವೂ ಅಲ್ಲ ಅದು.

ಮುಖ್ಯಸ್ಥೆಯಾದ ನಾನು ಬುಧವಾರ ಗುಂಪಿನಲ್ಲಿ ಬರೆದು ಹಾಕಿದೆ: ಲೈಸಾ ಚೇಚಿಯ ಮನೆಗೆ ಅಪ್ಪ ಮುಟ್ಟಿಸಲು ಯಾರೂ ಮರೆಯಬೇಡಿ. ಯಾರು ಮುಟ್ಟಿಸಬೇಕು ಎಂದು ಬರೆಯಲಿಲ್ಲ. ಉಳಿದ ಆರು ಮನೆಗಳಿಂದಲೂ ಹೆಬ್ಬೆರಳೆತ್ತಿದ ಗುರುತು ಬಂತು. ಅವರಲ್ಲಿ ಸಿಜೋನ ಮನೆಯವರು, ಟೀಚರ ಮನೆಯಿಂದ ಹೋಗುತ್ತದೆ ಎಂದುಕೊಂಡರು. ನಾನು, ಚೇಚಿಗೆ ಸಿಜೋನ ಮನೆಯೇ ಹತ್ತಿರವಲ್ಲವೇ ಎಂದುಕೊಂಡೆ. ಉಳಿದವರಿಗೆ ನಮ್ಮಿಬ್ಬರ ಮೇಲೆ ಬಹಳ ನಂಬಿಕೆ. ಚೇಚಿಯದು ಗುಂಡಿ ಒತ್ತುವ ಫೋನು, ಅವರು ಗುಂಪಿನಲ್ಲಿಲ್ಲ. ಗುರುವಾರ ಬೆಳಿಗ್ಗೆ ಚರ್ಚಿನಲ್ಲಿ ದೂರದಿಂದ ಕಂಡಿದ್ದರು. ಕೈ ಎತ್ತಿದೆ, ಅವರೂ ಎತ್ತಿದರು. ಅಷ್ಟೇ.

ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆ ಮುಗಿಸಿ ಬರುವಾಗ ಚೇಚಿಯ ನೆರೆಮನೆಯ, ನಮ್ಮ ಚರ್ಚಿನವಳಲ್ಲದ ಸೇವಂತಿ ದಾರಿಯಲ್ಲಿ ಸಿಕ್ಕಿದಳು.

"ಟೀಚರೇ, ಲೈಸಾಕ್ಕನಿಗೆ ಹುಷಾರಿಲ್ವಾ ಎಂತ? ನಿನ್ನೆ ಕತ್ತಲಾದ ಮೇಲೂ ಗೇಟಿನ ಹತ್ರ ನಿಂತಿದ್ರು, ಯಾರನ್ನೋ ಕಾಯುವ ಹಾಗೆ. ಎಂತ ಅಂತ ಕೇಳಿದ್ರೆ ಎಂತ ಇಲ್ಲ ಅಂದ್ರು."

ಸಿಜೋನಿಗೆ ಫೋನು ಮಾಡಿದೆ. "ಅಯ್ಯೋ, ನೀವು ಕೊಡ್ಲಿಲ್ವಾ ಟೀಚರ್?" ಎಂದ. ಮನೆಯಲ್ಲಿ ಉಳಿದಿದ್ದ ಅರ್ಧ ಅಪ್ಪವನ್ನು ಡಬ್ಬಿಗೆ ಹಾಕಿಕೊಂಡು ಹೋದೆ. ಒಬ್ಬ ದಣಿದ ಹೆಂಗಸಿಗೆ ನಾವು ಎಂಟು ತಿಂಗಳಲ್ಲಿ ಮಾಡಬೇಕಾಗಿದ್ದದ್ದು ಒಂದೇ ಒಂದು ಕೆಲಸ.

ಚೇಚಿ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ರಬ್ಬರಿಗೆ ಎಲೆ ಉದುರಿ ಚಿಗುರುವ ಸಮಯ, ಕೆತ್ತುವ ಕೆಲಸವಿಲ್ಲ. ಡಬ್ಬಿ ನೋಡಿ ಎಲ್ಲ ಅರ್ಥವಾಯಿತು ಅವರಿಗೆ.

"ಕೂತ್ಕೊ. ಅಳುದಾದ್ರೆ ಆಮೇಲೆ ಅಳು" ಎಂದರು.

"ಕೋಪ ಬರ್ಲಿಲ್ವಾ ಚೇಚಿ?"

"ಬಂತು. ಸುಳ್ಳು ಯಾಕೆ ಹೇಳುದು? ನಿನ್ನ ಮೇಲೆಯೇ ಹೆಚ್ಚು ಬಂತು. ಎಂಟು ಗಂಟೆಯವರೆಗೆ ನಿಂತೆ. ಒಂದು ಬೈಕಿನ ಶಬ್ದ ಆದ್ರೆ ಬಂದ್ರು ಅಂತ. ಮತ್ತೆ ಗೇಟು ಹಾಕಿ ಒಳಗೆ ಬಂದೆ. ದೇವರ ಹತ್ರ ಜಗಳ ಮಾಡುವ ಅಂತಲೇ ಆ ಸರ ತೆಗೆದದ್ದು ನಾನು, ಜಪಕ್ಕಲ್ಲ."

ಮೊಣಕಾಲು ನೀವಿಕೊಳ್ಳುತ್ತಾ ಮುಂದುವರಿಸಿದರು.

"ದೇವರ ಪಟದ ಎದುರು ನಿಂತಾಗ ನೆನಪಾಯ್ತು, ಇವತ್ತು ಗುರುವಾರ ಅಲ್ವಾ ಅಂತ. ಅವನೂ ಶಿಲುಬೆಗೆ ಹೋಗುವ ಮೊದಲು ಇದೇ ದಿನ ರಾತ್ರಿ ಒಂದು ತೋಟಕ್ಕೆ ಮೂರು ಜನ ಶಿಷ್ಯರನ್ನು ಕರ್ಕೊಂಡು ಹೋಗಿ, ಸ್ವಲ್ಪ ಹೊತ್ತು ನನ್ನ ಜೊತೆ ಎಚ್ಚರ ಇರಿ ಅಂತ ಕೇಳಿದ್ದು. ಮೂರೂ ಜನ ಮಲಗಿದ್ರು. ಅವರ ಹತ್ರ ವಾಟ್ಸಾಪೂ ಇರ್ಲಿಲ್ಲ" ಎಂದು ನನ್ನನ್ನು ನೋಡಿ ನಕ್ಕರು. ಮತ್ತೆ ನಗು ನಿಂತಿತು. "ಅರವತ್ತೊಂದು ವರ್ಷ ಕೇಳಿದ ಕತೆ ಸೋಣಿಯಾ. ಪಾಪ ಅಂತ ಕಂಡದ್ದು ನಿನ್ನೆಯೇ. ಬಾ, ಕೂತ್ಕೊ, ನಮ್ಮಿಬ್ಬರದ್ದೂ ಇವತ್ತು ಒಂದೇ ಅವಸ್ಥೆ ಅಂತ ಅವನಿಗೆ ಹೇಳಿದೆ. ಅಣ್ಣನ ಮಂಚದಲ್ಲಿ ಕೂತು ನನ್ನ ಅರ್ಧ ಹೇಳಿದೆ. ಮೊದಲಿನ ಹಾಗೆಯೇ ಕಾದೆ."

"ಮತ್ತೆ?"

"ಮತ್ತೆ ಎಂತ ಇಲ್ಲ. ಶಬ್ದ ಬರ್ಲಿಲ್ಲ, ಬೆಳಕು ಬರ್ಲಿಲ್ಲ. ನೀನು ಚರ್ಚಿನಲ್ಲಿ ಸಾಕ್ಷಿ ಗೀಕ್ಷಿ ಹೇಳ್ಲಿಕ್ಕೆ ಕರೀಬೇಡ ನನ್ನನ್ನು. ಆದ್ರೆ ಅಣ್ಣ ಮಾತಿಲ್ಲದೆ ಜಪ ಹೇಳ್ತಾ ಇದ್ದಾಗ ಕಾದವಳು ನಾನು, ಎರಡು ವರ್ಷ. ಜನ ಇದ್ದು ಸುಮ್ಮನಿರುದು ಬೇರೆ, ಜನ ಇಲ್ಲದೆ ಸುಮ್ಮನಿರುದು ಬೇರೆ. ಅದು ನನಗೆ ಗೊತ್ತಾಗ್ತದೆ. ನಿನ್ನೆ ಆ ಕಡೆ ಜನ ಇತ್ತು."

ನನಗೆ ಅಳು ತಡೆಯಲಾಗಲಿಲ್ಲ. ನನ್ನ ತಪ್ಪಿನ ದುಃಖ ಒಂದು ಕಡೆ. ಇನ್ನೊಂದು ಕಡೆ, ಸುಳ್ಳು ಹೇಳಬಾರದು, ಅಸೂಯೆ. ದಿನವೂ ಐದು ಜನ ಸೇರಿ ಗಟ್ಟಿಯಾಗಿ ಜಪ ಹೇಳುವ ನಮ್ಮ ಮನೆಯಲ್ಲಿ ಆ ಕಡೆ ಯಾರಿದ್ದಾರೆ ಎಂದು ನಾನು ಒಂದು ದಿನವೂ ಕಾದು ನೋಡಿದವಳಲ್ಲ.

ಚೇಚಿ ಡಬ್ಬಿ ತೆರೆದು ಅಪ್ಪ ಮುರಿದರು. ಒಂದು ತುಂಡು ನನಗೆ ಕೊಟ್ಟು ಒಂದು ತಾನು ತಿಂದರು. ಬೆಲ್ಲ ಕಡಿಮೆಯಾಗಿದೆ ಎಂದರು. ಹೌದು, ಕಡಿಮೆಯಾಗಿತ್ತು.

ಅಷ್ಟರಲ್ಲಿ ಸಂಜೆಯಾಯಿತು. ಅವರು ಗೋಡೆ ಹಿಡಿದು ಎದ್ದು ಜಪಸರ ತಂದು ಅಣ್ಣನ ಮಂಚದಲ್ಲಿ ಕೂತರು. ನಾನು ಕೆಳಗೆ ಕೂತೆ. ಮೊದಲ ಮಣಿಯ ಮೊದಲರ್ಧ ಹೇಳಿ ನಿಲ್ಲಿಸಿದರು. ಹಿಂದೆ ಗದರಿಸಿಕೊಂಡ ನೆನಪಿನಿಂದ ನಾನು ಬಾಯಿ ತೆರೆಯಲಿಲ್ಲ, ಸುಮ್ಮನೆ ಕಾದೆ.

ಚೇಚಿ ನನ್ನ ಭುಜ ತಟ್ಟಿದರು.

"ನೀನು ಹೇಳು ಮಾರಾಯ್ತಿ. ಅವನು ನಿನ್ನೆಯಿಂದ ಕೂತಿದ್ದಾನೆ, ಸ್ವಲ್ಪ ವಿಶ್ರಾಂತಿ ಆಗ್ಲಿ."